ದೀರ್ಘಕಾಲದ ನಿದ್ರಾಹೀನತೆಗೆ ಸಿಬಿಟಿ-ಐ: ಯಾವ ಭಾಗ ಕೆಲಸ ಮಾಡುತ್ತೆ, ಎಲ್ಲಿ ಕೆಡುತ್ತೆ?

ವಸುಂಧರಾ, ಕ್ಲಿನಿಕಲ್ ಸೈಕಾಲಜಿ

ನಿದ್ದೆ ಬರುತ್ತಿಲ್ಲ ಎಂದು ಬಂದವರ ಕೈಗೆ ‘ಸಂಜೆ ಮೇಲೆ ಕಾಫಿ ಬೇಡ, ಮೊಬೈಲ್ ದೂರ ಇಡಿ, ಕೋಣೆ ಕತ್ತಲಿರಲಿ’ ಎಂಬ ಹಾಳೆ ಕೊಟ್ಟು ಕಳಿಸುವ ರೂಢಿ ಇನ್ನೂ ಹೋಗಿಲ್ಲ. ಆ ಹಾಳೆಯಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಚಿಕಿತ್ಸೆಯಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆಗೆಟ್ಟು, ಮೂರು ತಿಂಗಳು ಕಳೆದರೂ ಸರಿಹೋಗದೆ, ಹಗಲಿನ ಕೆಲಸಕ್ಕೂ ಪೆಟ್ಟು ಬೀಳುತ್ತಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ಮೊದಲು ಕೊಡಬೇಕಾದ್ದು ಸಿಬಿಟಿ-ಐ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಫಾರ್ ಇನ್ಸೋಮ್ನಿಯಾ, ನಿದ್ದೆಯ ರೂಢಿಗಳನ್ನೂ ಯೋಚನೆಗಳನ್ನೂ ಬದಲಿಸುವ ಚಿಕಿತ್ಸೆ) ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿತು. ಯುರೋಪಿನ ಮಾರ್ಗಸೂಚಿ 2017ರಲ್ಲಿ ಅದನ್ನೇ ಹೇಳಿ, 2023ರಲ್ಲಿ ಪರಿಷ್ಕರಿಸಿದಾಗಲೂ ಉಳಿಸಿಕೊಂಡಿತು. ಸ್ಲೀಪ್ ಹೈಜೀನ್ (ಆ ಹಾಳೆಯಲ್ಲಿರುವಂಥ ಅಭ್ಯಾಸಗಳ ಸಲಹೆ) ಒಂದನ್ನೇ ಚಿಕಿತ್ಸೆ ಎಂದು ಕೊಡಬೇಡಿ ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2021ರಲ್ಲಿ ಸ್ಪಷ್ಟವಾಗಿಯೇ ಬರೆದಿದೆ, ಷರತ್ತುಬದ್ಧ ಶಿಫಾರಸಾದರೂ.

ಸಿಬಿಟಿ-ಐ ಎಂಬುದು ಐದಾರು ಅಂಶಗಳ ಕಟ್ಟು. ಅದರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತೆ ಎಂಬುದಕ್ಕೆ 2024ರಲ್ಲಿ ಜಾಮಾ ಸೈಕಿಯಾಟ್ರಿಯಲ್ಲಿ ಬಂದ ಫುರುಕಾವಾ ತಂಡದ ವಿಶ್ಲೇಷಣೆ ಒಳ್ಳೆಯ ಉತ್ತರ ಕೊಟ್ಟಿದೆ. 241 ಟ್ರಯಲ್, 31,452 ಜನ. ಕಾಯಿಲೆ ಪೂರ್ತಿ ಇಳಿಯುವ ಆಡ್ಸ್ (ಗುಣವಾದವರಿಗೂ ಆಗದವರಿಗೂ ಇರುವ ಅನುಪಾತ) ಅನ್ನು ಕಾಗ್ನಿಟಿವ್ ರೀಸ್ಟ್ರಕ್ಚರಿಂಗ್ (ನಿದ್ದೆಯ ಬಗೆಗಿನ ಭಯದ ಯೋಚನೆಗಳನ್ನು ಪರೀಕ್ಷಿಸಿ ತಿದ್ದುವುದು) 1.68 ಪಟ್ಟು ಮಾಡಿತು. ಒಪ್ಪಿಕೊಳ್ಳುವಿಕೆ, ಮೈಂಡ್‌ಫುಲ್‌ನೆಸ್ ಬಗೆಯವು 1.49, ಸ್ಲೀಪ್ ರಿಸ್ಟ್ರಿಕ್ಷನ್ (ಹಾಸಿಗೆಯಲ್ಲಿ ಕಳೆಯುವ ಅವಧಿಯ ಕಡಿತ) 1.49, ಸ್ಟಿಮ್ಯುಲಸ್ ಕಂಟ್ರೋಲ್ (ನಿದ್ದೆ ಬಂದಾಗ ಮಾತ್ರ ಹಾಸಿಗೆ, ಬಾರದಿದ್ದರೆ ಎದ್ದು ಹೋಗುವುದು) 1.43. ಸ್ಲೀಪ್ ಹೈಜೀನ್ 1.01, ಅಂದರೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ರಿಲ್ಯಾಕ್ಸೇಷನ್ 0.81. ಚಿಕಿತ್ಸಕರು ಎದುರು ಕೂತು ಮಾಡಿದ್ದಕ್ಕೆ 1.83.

ಹತ್ತು ನಿಮಿಷ ಮಾತ್ರ ಸಿಗುವ ಒಪಿಡಿಯಲ್ಲಿ ಆ ಹತ್ತು ನಿಮಿಷವನ್ನು ಹಾಳೆ ಓದಿ ಹೇಳುವುದಕ್ಕೆ ಖರ್ಚು ಮಾಡಬಾರದು. ಬೆಳಗ್ಗೆ ಏಳುವ ಹೊತ್ತು, ಹಾಸಿಗೆಯಲ್ಲಿ ಕಳೆಯುವ ಒಟ್ಟು ಅವಧಿ, ಈ ಎರಡನ್ನು ಹಿಡಿದರೆ ಅರ್ಧ ಕೆಲಸ ಆದಂತೆ. ಇದನ್ನು ನೇರವಾಗಿ ಮಾಡಿಸುತ್ತಿರುವವರು ವಿವರಕ್ಕೆ ಇಳಿದು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಶ್ರೀನಿಧಿ, ಬಯೋಸ್ಟ್ಯಾಟ್

ಆ ಸಂಖ್ಯೆಗಳನ್ನು ಓದುವ ಬಗ್ಗೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇವು ಮುಂದೆ ಸ್ಲೈಡುಗಳಿಗೆ ಹೋಗುತ್ತವೆ.

1.68 ಎಂದರೆ ಶೇ 68ರಷ್ಟು ಹೆಚ್ಚು ಜನ ಗುಣವಾದರು ಎಂದಲ್ಲ. ಅದು ಆಡ್ಸ್ ಅನುಪಾತ. ಆ ಅಂಶ ಇಲ್ಲದಾಗ ನೂರಕ್ಕೆ 30 ಜನ ಗುಣವಾಗುತ್ತಾರೆ ಎಂದು ಇಟ್ಟುಕೊಳ್ಳಿ. ಆಡ್ಸ್ 30/70, ಅಂದರೆ 0.43. ಅದನ್ನು 1.68ರಿಂದ ಗುಣಿಸಿದರೆ 0.72. ಮತ್ತೆ ಶೇಕಡಾವಾರಿಗೆ ತಿರುಗಿಸಿದರೆ ಸುಮಾರು 42. 1.49ಕ್ಕೆ ಇದೇ ಲೆಕ್ಕ 39 ಕೊಡುತ್ತೆ. ನೂರಕ್ಕೆ ಒಂಬತ್ತು, ಹನ್ನೆರಡು ಜನ ಹೆಚ್ಚು ಗುಣವಾಗುವುದು ಸಣ್ಣ ಮಾತಲ್ಲ. ಆದರೆ ಅದನ್ನು ‘68% ಹೆಚ್ಚು’ ಎಂದು ಬರೆದರೆ ಸುಳ್ಳಾಗುತ್ತೆ.

ಎರಡನೆಯದು, ರ‍್ಯಾಂಕ್ ಹಾಕಬೇಡಿ. ರೀಸ್ಟ್ರಕ್ಚರಿಂಗ್‌ನ ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) 1.28ರಿಂದ 2.20, ಸ್ಲೀಪ್ ರಿಸ್ಟ್ರಿಕ್ಷನ್‌ದು 1.04ರಿಂದ 2.13. ಒಂದರ ಮೇಲೊಂದು ಬಿದ್ದಿವೆ, ಹೀಗಿರುವಾಗ ಯಾವುದು ಮೇಲು ಎಂದು ಹೇಳಲಾಗದು. ರಿಲ್ಯಾಕ್ಸೇಷನ್‌ದು 0.64ರಿಂದ 1.02. ‘ಪರಿಣಾಮವೇ ಇಲ್ಲ’ ಎನ್ನುವ 1 ಆ ವ್ಯಾಪ್ತಿಯೊಳಗೇ ಇದೆ. ಹಾಗಾಗಿ ‘ಹಾನಿ ಮಾಡುತ್ತೆ’ ಎಂದು ಸಾಬೀತಾಗಿಲ್ಲ, ‘ಲಾಭಕ್ಕೆ ಪುರಾವೆ ಇಲ್ಲ, ತಿರುಗುಬಾಣವೂ ಆಗಬಹುದು’ ಎನ್ನುವಷ್ಟೇ.

ರಿಸ್ಟ್ರಿಕ್ಷನ್ ಹೆಚ್ಚಾಗಿ ನಡುರಾತ್ರಿಯ ಎಚ್ಚರವನ್ನೂ ಎಫಿಶಿಯೆನ್ಸಿಯನ್ನೂ (ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿದ್ದೆಯ ಶೇಕಡಾ ಪಾಲು) ಸುಧಾರಿಸಿತು, ಸ್ಟಿಮ್ಯುಲಸ್ ಕಂಟ್ರೋಲ್ ಕಣ್ಣು ಹತ್ತುವ ಹೊತ್ತನ್ನು ಕಡಿಮೆ ಮಾಡಿತು. ಎದುರಿಗಿರುವವರ ದೂರು ಯಾವುದು ಎಂದು ನೋಡಿ ಆರಿಸಿಕೊಳ್ಳಲು ಇದು ಬೇಕಾಗುತ್ತೆ.

ಪ್ರಜ್ವಲ್, ಸೈಕಿಯಾಟ್ರಿ ಪಿಜಿ

ವಸುಂಧರಾ ಮೇಡಂ, ಸ್ಲೀಪ್ ರಿಸ್ಟ್ರಿಕ್ಷನ್ನಿನಲ್ಲಿ ಹಾಸಿಗೆಯ ಅವಧಿ ಲೆಕ್ಕ ಹಾಕುವ ಕಡೆಯೇ ಗೊಂದಲ. ಸರಾಸರಿ ನಿದ್ದೆ ಎಷ್ಟೋ ಅಷ್ಟೇ ಎಂದು ಒಂದು ಕಡೆ, ಅದಕ್ಕೆ ಅರ್ಧ ಗಂಟೆ ಸೇರಿಸಿ ಎಂದು ಇನ್ನೊಂದು ಕಡೆ. ಕನಿಷ್ಠ ಮಿತಿ ನಾಲ್ಕೂವರೆ ಗಂಟೆಯೋ ಐದೋ? ಅವಧಿ ಹೆಚ್ಚಿಸುವುದು ಎಫಿಶಿಯೆನ್ಸಿ 85% ಆದಾಗಲೋ 90% ಆದಾಗಲೋ? ಒಂದು ಉದಾಹರಣೆ ಇಟ್ಟು ಬಿಡಿಸಿ ಹೇಳಿದರೆ ಉಪಕಾರ.

ವಸುಂಧರಾ, ಕ್ಲಿನಿಕಲ್ ಸೈಕಾಲಜಿ

ಪ್ರಜ್ವಲ್, ಮೂಲದಿಂದ ಬರೋಣ. ಸ್ಪೀಲ್‌ಮನ್ 1987ರಲ್ಲಿ ಬರೆದ ಕ್ರಮದಲ್ಲಿ ಕನಿಷ್ಠ ಮಿತಿ ನಾಲ್ಕೂವರೆ ಗಂಟೆ, ಹೆಚ್ಚಿಸುವ ಗೆರೆ 90%, ಇಳಿಸುವ ಗೆರೆ 85%. ಈಗ ಬಹುತೇಕರು ಐದು ಗಂಟೆಗಿಂತ ಕೆಳಗೆ ಇಳಿಯುವುದಿಲ್ಲ. ವಯಸ್ಸಾದವರಲ್ಲಿ 85% ಬಂದರೇ ಹೆಚ್ಚಿಸುತ್ತಾರೆ. ಅರ್ಧ ಗಂಟೆ ಸೇರಿಸುವ ಪದ್ಧತಿ ಮೆದುವಾದ ರೂಪ. ಹಗಲು ತುಂಬಾ ಬಳಲುವವರಿಗೆ, ಭಯಪಡುವವರಿಗೆ ಅದು ಸರಿ. ಸ್ವಲ್ಪ ನಿಧಾನವಾಗಿ ಫಲ ಕೊಡುತ್ತೆ, ಅಷ್ಟೇ.

ಈಗ ಲೆಕ್ಕ. ಒಬ್ಬರು ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 7ಕ್ಕೆ ಏಳುತ್ತಾರೆ, ಹಾಸಿಗೆಯಲ್ಲಿ 540 ನಿಮಿಷ. ಏಳು ರಾತ್ರಿಯ ಡೈರಿಯಿಂದ ಬಂದ ನಿದ್ದೆ: 310, 345, 280, 390, 325, 300, 360 ನಿಮಿಷ. ಒಟ್ಟು 2310, ಸರಾಸರಿ 330. ಎಫಿಶಿಯೆನ್ಸಿ 330/540, ಅಂದರೆ 61%. ಅವಧಿ ಐದೂವರೆ ಗಂಟೆ.

ಗಡಿಯಾರದಲ್ಲಿ ಇದನ್ನು ಎಲ್ಲಿ ಕೂರಿಸುವುದು ಎಂಬುದೇ ಮುಖ್ಯ. ಮೊದಲು ಏಳುವ ಹೊತ್ತು ನಿಶ್ಚಯಿಸಿ. ವಾರದ ಏಳೂ ದಿನ, ರಜೆಯಲ್ಲೂ ಪಾಲಿಸಲು ಆಗುವಂಥದ್ದಾಗಿರಬೇಕು. ಅದು 6 ಎಂದಾದರೆ ಅಲ್ಲಿಂದ ಹಿಂದಕ್ಕೆ ಎಣಿಸಿ, 12.30 ಎಂದು ಬರುತ್ತೆ. ಆ 12.30 ‘ಮಲಗಲೇಬೇಕಾದ ಹೊತ್ತು’ ಅಲ್ಲ, ‘ಅದಕ್ಕಿಂತ ಮುಂಚೆ ಮಲಗಬಾರದ ಹೊತ್ತು’. ನಿದ್ದೆ ಬಾರದಿದ್ದರೆ ಆಗಲೂ ಎದ್ದೇ ಇರಬೇಕು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳದಿದ್ದರೆ ಹೆಚ್ಚಿನವರು ತಪ್ಪು ತಿಳಿಯುತ್ತಾರೆ. ಸಂಜೆ ಎಂಟಕ್ಕೇ ತೂಕಡಿಸಿ ನಸುಕಿನ ಮೂರಕ್ಕೆ ಎಚ್ಚರಾಗುವ ವಯಸ್ಸಾದವರಿಗೆ ಇದೇ 12.30 ಹಾಕಿದರೆ ಚಿತ್ರಹಿಂಸೆ. ಅವರಿಗೆ 11ರಿಂದ 4.30 ಸರಿಹೊಂದಬಹುದು.

ಮೊದಲ ವಾರದ ಕೊನೆಗೆ ಸರಾಸರಿ ನಿದ್ದೆ 305 ನಿಮಿಷ ಬಂತು ಎನ್ನಿ. 305/330 ಅಂದರೆ 92%. ಹದಿನೈದು ನಿಮಿಷ ಕೊಡಿ, ಮಲಗುವ ಹೊತ್ತು 12.15. ಎರಡನೇ ವಾರ 345ಕ್ಕೆ 298, ಅಂದರೆ 86%. ಮುಟ್ಟಬೇಡಿ. ಮೂರನೇ ವಾರ 320, ಅಂದರೆ 93%. ಮತ್ತೆ ಹದಿನೈದು ನಿಮಿಷ, 12ಕ್ಕೆ ಹಾಸಿಗೆ.

ಇಲ್ಲಿ ಗಮನಿಸಬೇಕಾದ್ದು: ಮೊದಲ ವಾರ ನಿದ್ದೆ 330ರಿಂದ 305ಕ್ಕೆ ಇಳಿದಿದೆ. ಅದು ಚಿಕಿತ್ಸೆ ಸೋತದ್ದರ ಗುರುತಲ್ಲ, ಹಾಗೇ ಆಗಬೇಕು. ನಿದ್ದೆಯ ಒತ್ತಡ ಏರುವುದು ಎಚ್ಚರವಿದ್ದಷ್ಟೂ ಹೊತ್ತು. ಬೊರ್ಬೇಯಿ 1982ರಲ್ಲಿ ಮುಂದಿಟ್ಟ ಎರಡು ಪ್ರಕ್ರಿಯೆಗಳ ಮಾದರಿಯ ಒಂದು ಕಾಲು ಇದೇ. ಇನ್ನೊಂದು ಕಾಲು ದೇಹದ ಗಡಿಯಾರ, ಅದನ್ನು ಹಿಡಿದಿಡುವುದು ಏಳುವ ಹೊತ್ತು. ಒಂಬತ್ತು ಗಂಟೆ ಹೊರಳಾಡಿ ಹರಿದು ಹಂಚಿದ ನಿದ್ದೆ ಐದೂವರೆ ಗಂಟೆಗೆ ಒಟ್ಟಾಗುತ್ತೆ. ಒಟ್ಟಾದ ಮೇಲೆ ಉದ್ದ ಮಾಡುತ್ತೇವೆ. ಈ ಕ್ರಮವನ್ನು ಮೊದಲ ದಿನವೇ ಹೇಳಿಡಿ, ಇಲ್ಲದಿದ್ದರೆ ಐದನೇ ದಿನ ಬಿಟ್ಟುಬಿಡುತ್ತಾರೆ.

ಶೈಲಜಾ, ನರ್ಸಿಂಗ್ ತರಬೇತಿ

ಇದಕ್ಕೆಲ್ಲ ಸೈಕಾಲಜಿಸ್ಟೇ ಬೇಕು ಅನ್ನೋದು ಇನ್ನು ಉಳಿದಿಲ್ಲ. ಇಂಗ್ಲೆಂಡಿನ ಹ್ಯಾಬಿಟ್ ಟ್ರಯಲ್, 2023ರ ಲ್ಯಾನ್ಸೆಟ್. 642 ಜನ, ಜನರಲ್ ಪ್ರಾಕ್ಟೀಸ್‌ನ ನರ್ಸ್‌ಗಳೇ ನಾಲ್ಕು ಚಿಕ್ಕ ಸೆಷನ್‌ಗಳಲ್ಲಿ ಬರೀ ಸ್ಲೀಪ್ ರಿಸ್ಟ್ರಿಕ್ಷನ್ ಮಾಡಿಸಿದ್ರು. ಹೈಜೀನ್ ಪುಸ್ತಿಕೆ ಎರಡೂ ಗುಂಪಿಗೆ ಕೊಟ್ಟಿದ್ರು, ಹಾಗಾಗಿ ಹೋಲಿಕೆ ನ್ಯಾಯವಾಗೇ ಇದೆ. ಆರು ತಿಂಗಳಿಗೆ ಐಎಸ್‌ಐ (ನಿದ್ರಾಹೀನತೆ ಎಷ್ಟು ತೀವ್ರ ಅಂತ ಅಳೆಯೋ ಪ್ರಶ್ನಾವಳಿ) ಅಂಕ ನರ್ಸ್ ಗುಂಪಲ್ಲಿ 10.9, ಇನ್ನೊಂದರಲ್ಲಿ 13.9. ಎಂಟು ಅಂಕ ಅಥವಾ ಹೆಚ್ಚು ಇಳಿಕೆ ಕಂಡವರು 42% ಮತ್ತು 17%. ಗಂಭೀರ ಅಡ್ಡಪರಿಣಾಮ ಎರಡೂ ಗುಂಪಲ್ಲಿ ಎಂಟೆಂಟು ಜನರಿಗೆ ಆಯ್ತು, ಯಾವುದೂ ಚಿಕಿತ್ಸೆಯಿಂದ ಆದದ್ದಲ್ಲ ಅಂತ ತೀರ್ಮಾನ.

ಐಎಸ್‌ಐ ಗೊತ್ತಿಲ್ಲದವರಿಗೆ: ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 4, ಒಟ್ಟು 28. ಏಳರವರೆಗೆ ತೊಂದರೆ ಇಲ್ಲ, 8–14 ಅಂಚಿನಲ್ಲಿ, 15–21 ಮಧ್ಯಮ, 22 ಅಥವಾ ಮೇಲಾದ್ರೆ ತೀವ್ರ. ಐದು ನಿಮಿಷ ಸಾಕು.

ಈಗ ಡೈರಿ. ಲೆಕ್ಕ ಕೆಡೋದು ಹೆಚ್ಚಾಗಿ ಇಲ್ಲೇ. ಒಂದು ಸಾಲು ಹತ್ತಿರದಿಂದ ನೋಡೋಣ: 10ಕ್ಕೆ ದೀಪ ಆರಿಸಿದ್ದು, ಕಣ್ಣು ಹತ್ತೋಕೆ 80 ನಿಮಿಷ, ನಡುವೆ ಎಚ್ಚರ 70 ನಿಮಿಷ, ಹಾಸಿಗೆ ಬಿಟ್ಟಿದ್ದು 7ಕ್ಕೆ. ಇದಿಷ್ಟೇ ನೋಡಿ 540ರಲ್ಲಿ 150 ಕಳೆದು 390 ಅಂತ ಬರೆದುಬಿಡ್ತಾರೆ. ಆದ್ರೆ ‘ಕೊನೇ ಸಲ ಎಚ್ಚರ ಆಗಿದ್ದು’ ಅನ್ನೋ ಕಾಲಂನಲ್ಲಿ 6 ಇದೆ. ಆರರಿಂದ ಏಳರವರೆಗೆ ಎಚ್ಚರವಾಗೇ ಬಿದ್ಕೊಂಡಿದ್ದು. ಆ 60 ಕಳೆದ್ರೆ 330. ಒಂದು ಕಾಲಂ ಮರೆತ್ರೆ ಅವಧಿ ಐದೂವರೆ ಬದಲು ಆರೂವರೆ ಗಂಟೆ ಆಗುತ್ತೆ, ಚಿಕಿತ್ಸೆ ಸಡಿಲ ಆಗಿ ಏನೂ ಆಗಲ್ಲ, ಆಮೇಲೆ ‘ಇದು ನಮಗೆ ಒಗ್ಗಲ್ಲ’ ಅಂತಾರೆ.

ಬೆಳಗ್ಗೆ ಎದ್ದ ಒಂದು ಗಂಟೆ ಒಳಗೆ ಅಂದಾಜಿನಲ್ಲಿ ತುಂಬಿಸ್ಬೇಕು. ರಾತ್ರಿ ಗಡಿಯಾರ ನೋಡಿ ನೋಡಿ ಬರೆಯೋದು ಬೇಡವೇ ಬೇಡ, ಅದೇ ನಿದ್ದೆ ಕೆಡಿಸುತ್ತೆ. ವಾರಕ್ಕೊಮ್ಮೆ ಕೂತು ಏಳು ದಿನದ್ದು ಒಟ್ಟಿಗೆ ತುಂಬಿಸಿದ ಡೈರಿ ನೋಡಿದ ತಕ್ಷಣ ಗೊತ್ತಾಗುತ್ತೆ, ಏಳೂ ಸಾಲು ಒಂದೇ ತರ ಇರುತ್ತೆ. ಅದನ್ನ ಲೆಕ್ಕಕ್ಕೆ ತಗೋಬೇಡಿ, ಇನ್ನೊಂದು ವಾರ ಬರೆಸಿ.

ಡಾ. ನಾಗಭೂಷಣ, ಜನರಲ್ ಮೆಡಿಸಿನ್

ಶೈಲಜಾ ಅವರ ಮಾತು ಒಪ್ಪುತ್ತೇನೆ, ಆದರೆ ನರ್ಸ್‌ಗೆ ಕಳಿಸುವ ಮೊದಲು ಯಾರನ್ನು ಕಳಿಸಬಾರದು ಎಂಬ ಜರಡಿ ಬೇಕು. ನಿದ್ದೆ ಕಡಿತ ನಿಜವಾದ ಕಡಿತ. ಕೈಲ್ ತಂಡ 2014ರಲ್ಲಿ 16 ಜನರಲ್ಲಿ ಅಳೆದಾಗ ಮೊದಲ ವಾರಗಳಲ್ಲಿ ಪ್ರತಿಕ್ರಿಯೆಯ ವೇಗ ಕುಂದಿದ್ದು ಸ್ಪಷ್ಟವಾಗಿ ಕಂಡಿತು, ಆಮೇಲೆ ಅದು ಮೊದಲಿನ ಮಟ್ಟಕ್ಕೆ ಬಂತು. ಆ ಮೊದಲ ವಾರಗಳಲ್ಲಿ ಲಾರಿ, ಬಸ್ ಓಡಿಸುವವರು, ಎತ್ತರದಲ್ಲಿ ಅಥವಾ ತಿರುಗುವ ಯಂತ್ರದ ಮುಂದೆ ಕೆಲಸ ಮಾಡುವವರು ಏನು ಮಾಡುತ್ತಾರೆ ಎಂಬ ಉತ್ತರ ಸಿಗದೆ ಶುರು ಮಾಡಬಾರದು.

ನನ್ನ ಜರಡಿ ಹೀಗೆ. ಅಪಸ್ಮಾರ ಇದ್ದರೆ ಬೇಡ, ನಿದ್ದೆಗೆಟ್ಟರೆ ಫಿಟ್ಸ್ ಕೆರಳುತ್ತೆ. ನಿದ್ದೆಯಲ್ಲಿ ಎದ್ದು ನಡೆಯುವ ಕಾಯಿಲೆ ಇದ್ದರೂ ಬೇಡ, ಆಳದ ನಿದ್ದೆ ಹೆಚ್ಚಾಗಿ ಅದು ಜೋರಾಗುತ್ತೆ. ಪಾಳಿ ಬದಲಾಗುತ್ತಲೇ ಇರುವವರಿಗೆ ನಿಗದಿತ ಏಳುವ ಹೊತ್ತೇ ಸಾಧ್ಯವಿಲ್ಲ. ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವಿರುವ ವೃದ್ಧರಿಗೆ ಒಮ್ಮೆಲೇ ಕಡಿಯದೆ, ಹಾಸಿಗೆಯ ಅವಧಿಯನ್ನು ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸುವ ಸ್ಲೀಪ್ ಕಂಪ್ರೆಷನ್ ಇದೆ. ಬೈಪೋಲಾರ್ (ಖಿನ್ನತೆಯೂ ಅತಿಯಾದ ಉತ್ಸಾಹದ ಮೇನಿಯಾವೂ ಬಂದುಹೋಗುವ ಕಾಯಿಲೆ) ಬಗ್ಗೆ ಸೈಕಿಯಾಟ್ರಿಯವರು ಹೇಳಲಿ.

ಇನ್ನು ನಿದ್ರಾಹೀನತೆಯ ವೇಷದಲ್ಲಿ ಬರುವವು. ಗೊರಕೆ, ಉಸಿರು ನಿಂತು ಬೆಚ್ಚಿ ಏಳುವುದು, ಬೆಳಗ್ಗೆ ತಲೆನೋವು, ಹಗಲು ಕೂತಲ್ಲೇ ಜೊಂಪು ಇದ್ದರೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ) ಪತ್ತೆಗೆ ಸ್ಟಾಪ್-ಬ್ಯಾಂಗ್‌ನ ಎಂಟು ಪ್ರಶ್ನೆ ಕೇಳಿ. ಮೂರು ಅಥವಾ ಹೆಚ್ಚು ‘ಹೌದು’ ಬಂದರೆ ಸ್ಲೀಪ್ ಸ್ಟಡಿ ಯೋಚಿಸಿ. ನಿದ್ರಾಹೀನತೆಯವರಲ್ಲಿ ಸಾಮಾನ್ಯವಾಗಿ ಕಾಣುವುದು ದಣಿವು. ಕೂತಲ್ಲೇ ನಿದ್ದೆಗೆ ಜಾರುವವರು ಕಂಡರೆ ಬೇರೆ ಕಾರಣ ಹುಡುಕಬೇಕು.

ಸಂಜೆಯಾದರೆ ಕಾಲಿನಲ್ಲಿ ಏನೋ ಹರಿದಂತೆ, ಆಡಿಸಲೇಬೇಕು ಎನಿಸುತ್ತೆ, ಎದ್ದು ನಡೆದರೆ ಹಗುರ ಎನ್ನುವವರಿಗೆ ರೆಸ್ಟ್‌ಲೆಸ್ ಲೆಗ್ಸ್. ಅವರನ್ನು ಅವಧಿ ಕಡಿತಕ್ಕೆ ಹಾಕಿದರೆ ವೃಥಾ ಹಿಂಸೆ. ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವ ಯೋಚನೆ ಮಾಡಬೇಕು. ಲ್ಯಾಬ್ ವರದಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾದ ಮಾತ್ರಕ್ಕೆ ಬಿಡಬೇಡಿ, ಈ ಕಾಯಿಲೆಗೆ ಬೇಕಾದ ಗೆರೆ ಅದಕ್ಕಿಂತ ಮೇಲಿದೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ನೋವು, ಥೈರಾಯ್ಡ್, ಸಂಜೆ ತೆಗೆದುಕೊಳ್ಳುವ ಸ್ಟೀರಾಯ್ಡ್ ಅಥವಾ ಮೂತ್ರವರ್ಧಕ ಮಾತ್ರೆ ಇವನ್ನೂ ಕೇಳಿ.

ಪ್ರಜ್ವಲ್, ಸೈಕಿಯಾಟ್ರಿ ಪಿಜಿ

ಬೈಪೋಲಾರ್ ವಿಷಯ: ನಿದ್ದೆ ಕಡಿತದಿಂದ ಮೇನಿಯಾ ಕೆರಳಬಹುದು, ಹಾಗಾಗಿ ಮಾಮೂಲಿ ಕ್ರಮ ಹಾಕುವಂತಿಲ್ಲ. ಹಾರ್ವೆ ತಂಡ ಬೈಪೋಲಾರ್‌ಗೆಂದೇ ಬದಲಿಸಿದ ಸಿಬಿಟಿ-ಐನಲ್ಲಿ ಹಾಸಿಗೆಯ ಅವಧಿ ಆರೂವರೆ ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಒತ್ತು ಬೀಳುವುದು ಏಳುವ, ಮಲಗುವ ಹೊತ್ತಿನ ನಿಯಮದ ಮೇಲೆ. ಖಿನ್ನತೆಯೆಂದು ಬಂದವರಲ್ಲೂ ‘ನಾಲ್ಕು ದಿನ ಮೂರೇ ಗಂಟೆ ಮಲಗಿದರೂ ದಣಿವೇ ಇರಲಿಲ್ಲ, ಮಾತು ಕೆಲಸ ಎಲ್ಲ ಜಾಸ್ತಿ’ ಎಂಬ ಹಳೆಯ ಇತಿಹಾಸ ಇದೆಯೇ ಎಂದು ಕೇಳದೆ ಶುರು ಮಾಡಬಾರದು. ಆತ್ಮಹತ್ಯೆಯ ಯೋಚನೆ ಇದ್ದರೆ ಮೊದಲು ಅದರ ಚಿಕಿತ್ಸೆ. ಅಂಥವರನ್ನು ನಡುರಾತ್ರಿ ಒಬ್ಬರೇ ಎಚ್ಚರವಿರಿ ಎಂದು ಕೂರಿಸುವುದು ಸುರಕ್ಷಿತವಲ್ಲ.

ನನ್ನ ಪ್ರಶ್ನೆ ಮಾತ್ರೆಯ ಬಗ್ಗೆ. ಬರುವವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಬೆಂಜೋ (ಬೆಂಜೋಡಯಾಜೆಪೀನ್) ಅಥವಾ ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಗಳ ಮೇಲಿರುತ್ತಾರೆ. ಅದನ್ನು ಬಿಡಿಸಿ ಇದನ್ನು ಶುರು ಮಾಡುವುದೋ, ಇದನ್ನು ಶುರು ಮಾಡಿ ಅದನ್ನು ಬಿಡಿಸುವುದೋ?

ಡಾ. ನಾಗಭೂಷಣ, ಜನರಲ್ ಮೆಡಿಸಿನ್

ಎರಡನೆಯದು. ಮೊದಲು ಡೋಸ್ ಸ್ಥಿರವಾಗಿರಲಿ: ದಿನಾ ಒಂದೇ ಪ್ರಮಾಣ, ಒಂದೇ ಹೊತ್ತು. ಬೇಕೆನಿಸಿದಾಗ ಅರ್ಧ, ಬೇಡವೆನಿಸಿದಾಗ ಇಲ್ಲ ಎಂದು ನುಂಗುವವರ ಡೈರಿ ಓದಲು ಬರುವುದಿಲ್ಲ; ಯಾವ ರಾತ್ರಿ ಮಾತ್ರೆಯದು, ಯಾವ ರಾತ್ರಿ ಚಿಕಿತ್ಸೆಯದು ತಿಳಿಯುವುದಿಲ್ಲ. ಅವಧಿ ಹೊಂದಿಕೊಂಡು ಎಫಿಶಿಯೆನ್ಸಿ 85 ದಾಟಿದ ಮೇಲೆ ಇಳಿಸಲು ಶುರು.

ಇಳಿಸುವ ವೇಗಕ್ಕೆ 2025ರಲ್ಲಿ ಅಮೆರಿಕನ್ ಸೊಸೈಟಿ ಆಫ್ ಅಡಿಕ್ಷನ್ ಮೆಡಿಸಿನ್ ಮುಂದಾಳತ್ವದ ಜಂಟಿ ಮಾರ್ಗಸೂಚಿ ಇದೆ. ಬೆಂಜೋಡಯಾಜೆಪೀನ್‌ಗೆ ಪ್ರತಿ ಎರಡರಿಂದ ನಾಲ್ಕು ವಾರಕ್ಕೆ 5ರಿಂದ 10%, ಎಷ್ಟೇ ಅವಸರವಿದ್ದರೂ ಎರಡು ವಾರಕ್ಕೆ 25% ಮೀರಬಾರದು. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಒಂದು ವಿಷಯ ನೆನಪಿರಲಿ: ಮಾತ್ರೆ ಇಳಿಸಿದ ವಾರ ಅವಧಿಯನ್ನು ಮುಟ್ಟಬೇಡಿ, ಅವಧಿ ಬದಲಿಸಿದ ವಾರ ಮಾತ್ರೆಯನ್ನು ಮುಟ್ಟಬೇಡಿ. ಎರಡೂ ಒಟ್ಟಿಗೆ ಬದಲಾದರೆ ಕೆಟ್ಟ ರಾತ್ರಿಗೆ ಕಾರಣ ಗೊತ್ತಾಗದೆ ಇಬ್ಬರೂ ಮತ್ತೆ ಮಾತ್ರೆ ಹತ್ತಿರವೇ ಹೋಗುತ್ತೀರಿ.

ಮೋರಿನ್ ತಂಡದ 2009ರ ಟ್ರಯಲ್ ಕೂಡ ಇದಕ್ಕೆ ಹೊಂದುತ್ತೆ. ಆರಂಭದಲ್ಲಿ ಸಿಬಿಟಿ ಜೊತೆ ಜೋಲ್ಪಿಡೆಮ್, ಮುಂದಿನ ಹಂತದಲ್ಲಿ ಮಾತ್ರೆ ತೆಗೆದು ಸಿಬಿಟಿ ಮಾತ್ರ ಉಳಿಸಿಕೊಂಡವರಿಗೆ ದೀರ್ಘಕಾಲದ ಫಲ ಚೆನ್ನಾಗಿತ್ತು. ಮಾತ್ರೆಯನ್ನು ಶತ್ರುವಿನಂತೆ ನೋಡಬೇಕಿಲ್ಲ, ಅದಕ್ಕೆ ಮುಗಿಯುವ ದಿನಾಂಕ ಇರಬೇಕು.

ಶೈಲಜಾ, ನರ್ಸಿಂಗ್ ತರಬೇತಿ

ಎರಡನೇ ವಾರದ ಫೋನ್‌ನಲ್ಲಿ ಏನು ಕೇಳ್ಬೇಕು ಅಂತ ಬರೀತೀನಿ, ಬಿಟ್ಟುಹೋಗೋರು ಹೆಚ್ಚಾಗಿ ಇಲ್ಲೇ ಬಿಟ್ಟುಹೋಗ್ತಾರೆ. ‘ಹೇಗಿದೀರಿ’ ಅಂತ ಕೇಳಿದ್ರೆ ‘ಪರವಾಗಿಲ್ಲ’ ಅಂತಾರೆ. ಅದರ ಬದಲು ಹೊತ್ತು ಕೇಳಿ. ನಿನ್ನೆ ಎಷ್ಟಕ್ಕೆ ಮಲಗಿದ್ರಿ, ಇವತ್ತು ಎಷ್ಟಕ್ಕೆ ಎದ್ರಿ, ಭಾನುವಾರ ಎಷ್ಟಕ್ಕೆ ಎದ್ರಿ. ಭಾನುವಾರ ಬೆಳಗ್ಗೆ ಎರಡು ಗಂಟೆ ಹೆಚ್ಚು ಮಲಗಿದ್ರೆ ಆ ರಾತ್ರಿ ನಿದ್ದೆ ಒತ್ತಡ ಅಷ್ಟು ಕಮ್ಮಿ, ದೇಹದ ಗಡಿಯಾರವೂ ತಡವಾಗಿರುತ್ತೆ, ಸೋಮವಾರದ ಡೈರಿಯಲ್ಲಿ ಅದು ಕಾಣುತ್ತೆ.

ಆಮೇಲೆ ‘ಟಿವಿ ಮುಂದೆ ಕಣ್ಣು ಮುಚ್ಚಿತ್ತಾ’ ಅಂತ ಕೇಳಿ. ಒಂಬತ್ತೂವರೆಗೆ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ತೂಕಡಿಸಿದ್ದನ್ನ ಯಾರೂ ನಿದ್ದೆ ಅಂತ ಎಣಿಸಲ್ಲ, ಡೈರಿಗೂ ಹಾಕಲ್ಲ. ಹನ್ನೆರಡೂವರೆಗೆ ಮಲಗಿದಾಗ ಕಣ್ಣು ಹತ್ತದೇ ಇರೋದಕ್ಕೆ ಎಷ್ಟೋ ಸಲ ಅದೇ ಕಾರಣ. ಹತ್ತರಿಂದ ಹನ್ನೆರಡೂವರೆವರೆಗೆ ಏನು ಮಾಡ್ತೀರಿ ಅಂತ ಮೊದಲ ಸೆಷನ್ನಲ್ಲೇ ಬರೆಸ್ಕೊಳ್ಳಿ. ಕೂತು ಮಾಡೋ ಕೆಲಸ ಬೇಡ, ಬಟ್ಟೆ ಮಡಚೋದು, ಪಾತ್ರೆ ಜೋಡಿಸೋದು, ಮನೆಯೊಳಗೆ ಓಡಾಡೋದು ಆಗಬಹುದು. ಬೆಳಗ್ಗೆ ಎದ್ದ ಕೂಡ್ಲೇ ಬೆಳಕಿಗೆ ಬರ್ಬೇಕು.

ಕೈ ಗಡಿಯಾರದ ಆ್ಯಪ್ ನಂಬಿ ‘ನನ್ನ ಆಳ ನಿದ್ದೆ 40 ನಿಮಿಷ ಅಷ್ಟೇ’ ಅನ್ನೋರು ಈಗ ಜಾಸ್ತಿ. ಲೆಕ್ಕಕ್ಕೆ ಡೈರಿನೇ ಇರ್ಲಿ. ಚಿಕಿತ್ಸೆ ಮುಗಿಯೋವರೆಗೆ ಆ ಆ್ಯಪ್ ನೋಡ್ಬೇಡಿ ಅಂತ ಹೇಳೋದು ಒಳ್ಳೇದು.

ಪ್ರಜ್ವಲ್, ಸೈಕಿಯಾಟ್ರಿ ಪಿಜಿ

ಒಂದು ತಾಂತ್ರಿಕ ಅನುಮಾನ. ನಿದ್ದೆ ಬಾರದೆ ನಡುರಾತ್ರಿ ಎದ್ದು ಒಂದು ಗಂಟೆ ಹೊರಗೆ ಕೂತರೆ, ಆ ಒಂದು ಗಂಟೆಯನ್ನು ಹಾಸಿಗೆಯ ಅವಧಿಯಿಂದ ಕಳೆಯಬೇಕೇ?

ವಸುಂಧರಾ, ಕ್ಲಿನಿಕಲ್ ಸೈಕಾಲಜಿ

ಕಳೆಯಬೇಡಿ. 330 ನಿಮಿಷದ ಅವಧಿಯಲ್ಲಿ 60 ನಿಮಿಷ ಹೊರಗೆ ಕೂತು 240 ನಿಮಿಷ ನಿದ್ದೆ ಮಾಡಿದರೆ, ಕಳೆದು ಲೆಕ್ಕ ಹಾಕಿದಾಗ 240/270, ಅಂದರೆ 89% ಬರುತ್ತೆ. ನಿಜವಾದ ಚಿತ್ರ 240/330, 73%. ಕಳೆದರೆ ಸ್ಟಿಮ್ಯುಲಸ್ ಕಂಟ್ರೋಲ್ ಚೆನ್ನಾಗಿ ಪಾಲಿಸಿದವರಿಗೆಲ್ಲ ಸುಳ್ಳು ಎಫಿಶಿಯೆನ್ಸಿ ಬಂದು ಅವಧಿ ಬೇಗ ಬೆಳೆಯುತ್ತೆ. ಮೊದಲ ಸಲ ದೀಪ ಆರಿಸಿದ್ದರಿಂದ ಕೊನೆಯ ಸಲ ಎದ್ದದ್ದರವರೆಗೆ ಅಷ್ಟನ್ನೂ ಎಣಿಸಿ.

ಸ್ಟಿಮ್ಯುಲಸ್ ಕಂಟ್ರೋಲ್ ಮಾತು ಬಂತು. ಬೂಟ್‌ಜಿನ್ 1972ರಲ್ಲಿ ಕೊಟ್ಟದ್ದು, ತತ್ತ್ವ ಸರಳ: ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಹೊರಳಾಡಿದರೆ ಹಾಸಿಗೆ ಕಂಡೊಡನೆ ಮೈಮನಸ್ಸು ಎಚ್ಚೆತ್ತುಕೊಳ್ಳುತ್ತೆ. ಹಾಲ್‌ನಲ್ಲಿ ಜೊಂಪು ಹತ್ತಿದವರು ಹಾಸಿಗೆಗೆ ಬಂದು ದಿಂಬಿಗೆ ತಲೆಯಿಟ್ಟ ಕೂಡಲೇ ಕಣ್ಣರಳಿಸುವುದು ಇದರಿಂದಲೇ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು, ಅಲ್ಲಿ ನಿದ್ದೆ ಮತ್ತು ಲೈಂಗಿಕತೆ ಬಿಟ್ಟು ಬೇರೇನೂ ಬೇಡ, ಸುಮಾರು ಹದಿನೈದು ಇಪ್ಪತ್ತು ನಿಮಿಷದಲ್ಲಿ ಕಣ್ಣು ಹತ್ತದಿದ್ದರೆ ಎದ್ದು ಬೇರೆ ಕಡೆ ಹೋಗಬೇಕು, ನಿದ್ದೆ ಬಂದರೆ ವಾಪಸ್, ಬಾರದಿದ್ದರೆ ಮತ್ತೆ ಏಳಬೇಕು. ಆ ಇಪ್ಪತ್ತು ನಿಮಿಷವನ್ನು ಗಡಿಯಾರದಲ್ಲಿ ಅಳೆಯಬಾರದು. ‘ಇನ್ನು ಬರಲ್ಲ’ ಎಂದು ಕಿರಿಕಿರಿ ಶುರುವಾಯಿತೇ, ಅದೇ ಏಳುವ ಹೊತ್ತು. ದಣಿವು ಬೇರೆ, ನಿದ್ದೆ ಬೇರೆ ಎಂಬುದನ್ನೂ ಕಲಿಸಬೇಕಾಗುತ್ತೆ. ಮೈ ಸೋತಿದ್ದರೆ ದಣಿವು. ರೆಪ್ಪೆ ಭಾರವಾಗಿ, ಓದಿದ ಸಾಲನ್ನೇ ಮತ್ತೆ ಓದುತ್ತಿದ್ದರೆ ನಿದ್ದೆ.

ಕಾಗ್ನಿಟಿವ್ ಭಾಗವನ್ನು ‘ಒಳ್ಳೆಯದನ್ನೇ ಯೋಚಿಸಿ’ ಎಂದು ಇಳಿಸಿಬಿಡುವುದು ನೋಡಿದರೆ ಬೇಸರವಾಗುತ್ತೆ. ಅದು ಪರೀಕ್ಷೆ. ರಾತ್ರಿ ತಲೆಯಲ್ಲಿ ಓಡುವ ಮಾತನ್ನು ಒಂದು ವಾಕ್ಯದಲ್ಲಿ ಹಿಡಿಯಿರಿ: ‘ಇವತ್ತು ಮಲಗದಿದ್ದರೆ ನಾಳೆ ಮೀಟಿಂಗ್‌ನಲ್ಲಿ ಒಂದು ಮಾತೂ ಹೊರಡಲ್ಲ.’ ಎಷ್ಟು ಖಚಿತ, ನೂರಕ್ಕೆ ಎಷ್ಟು ಎಂದು ಬರೆಸಿ, 90 ಎನ್ನುತ್ತಾರೆ. ಮರುದಿನ ಸಂಜೆ ಅದೇ ಹಾಳೆಯಲ್ಲಿ ನಿಜವಾಗಿ ಏನಾಯಿತು ಎಂದು ಬರೆಯಬೇಕು. ಮಾತು ಹೊರಟಿತು, ಸ್ವಲ್ಪ ನಿಧಾನವಿತ್ತು. ಮತ್ತೆ ಎಷ್ಟು ಖಚಿತ? ಹೀಗೆ ಐದಾರು ಸಾಲು ತುಂಬಿದ ಹಾಳೆ ಅವರ ಕೈಬರಹದಲ್ಲೇ ಇರುವಾಗ ನಾವು ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ಇದನ್ನು ಹಗಲಲ್ಲಿ, ಮಲಗುವ ಹೊತ್ತಿಗೆ ಕೆಲವು ಗಂಟೆ ಮೊದಲೇ ಮಾಡಬೇಕು. ಹಾಸಿಗೆಯಲ್ಲಿ ಕೂತು ಮಾಡಿದರೆ ಅದೇ ಇನ್ನೊಂದು ಎಚ್ಚರದ ಕೆಲಸವಾಗುತ್ತೆ.

ರಿಲ್ಯಾಕ್ಸೇಷನ್ ಏಕೆ ಫಲ ಕೊಡಲಿಲ್ಲ ಎಂಬುದಕ್ಕೂ ನನ್ನ ಅಂದಾಜು ಇಲ್ಲೇ ಇದೆ. ‘ಇಷ್ಟು ಉಸಿರಾಟ ಮಾಡಿದೆ, ಇನ್ನೂ ನಿದ್ದೆ ಬರಲಿಲ್ಲವಲ್ಲ’ ಎಂದು ಕಾಯುತ್ತಾ ಕೂತರೆ ಅದು ನಿದ್ದೆಗಾಗಿ ಮಾಡುವ ಹೋರಾಟ. ಒಪ್ಪಿಕೊಳ್ಳುವ ಬಗೆಯ ಚಿಕಿತ್ಸೆ ಆ ಹೋರಾಟವನ್ನೇ ಬಿಡಿಸುತ್ತೆ. ಹೊರಗಿನಿಂದ ಎರಡೂ ಒಂದೇ ತರ ಕಂಡರೂ ದಿಕ್ಕು ಬೇರೆ.

ಶ್ರೀನಿಧಿ, ಬಯೋಸ್ಟ್ಯಾಟ್

ರೋಗಿಗೆ ಏನನ್ನು ಭರವಸೆ ಕೊಡಬೇಕು ಎಂಬುದಕ್ಕೆ ಟ್ರೌವರ್ ತಂಡದ 2015ರ ಮೆಟಾ-ಅನಾಲಿಸಿಸ್ ಹಳೆಯದಾದರೂ ಸ್ಪಷ್ಟವಾಗಿದೆ. 20 ಟ್ರಯಲ್, 1162 ಜನ. ಕಣ್ಣು ಹತ್ತುವ ಹೊತ್ತು 19 ನಿಮಿಷ ಕಡಿಮೆ, ನಡುವಿನ ಎಚ್ಚರ 26 ನಿಮಿಷ ಕಡಿಮೆ, ಎಫಿಶಿಯೆನ್ಸಿ ಶೇಕಡಾ 10 ಅಂಶದಷ್ಟು ಹೆಚ್ಚು. ಒಟ್ಟು ನಿದ್ದೆ ಮಾತ್ರ ಎಂಟು ನಿಮಿಷದಷ್ಟೇ ಏರಿತು. ಹಾಗಾಗಿ ‘ಎರಡು ಗಂಟೆ ಹೆಚ್ಚು ನಿದ್ದೆ ಬರುತ್ತೆ’ ಎಂದು ಹೇಳಿ ಶುರು ಮಾಡಿದರೆ ನಿರಾಶೆ ಖಂಡಿತ. ‘ಹೊರಳಾಟ ಕಡಿಮೆಯಾಗುತ್ತೆ, ನಿದ್ದೆ ಗಟ್ಟಿಯಾಗುತ್ತೆ’ ಎನ್ನುವುದು ನಿಜ.

ಪ್ರಜ್ವಲ್, ಸೈಕಿಯಾಟ್ರಿ ಪಿಜಿ

ಖಿನ್ನತೆ ತಡೆಯಲು ಇದು ನೆರವಾಗುತ್ತೆ ಎಂಬುದಕ್ಕೂ ಈಗ ಆಧಾರವಿದೆ. ಇರ್ವಿನ್ ತಂಡ, ಜಾಮಾ ಸೈಕಿಯಾಟ್ರಿ 2022: 60 ದಾಟಿದ, ನಿದ್ರಾಹೀನತೆಯಿದ್ದೂ ಆಗ ಖಿನ್ನತೆಯಿಲ್ಲದ 291 ಜನ. ಎರಡು ತಿಂಗಳು ಸಿಬಿಟಿ-ಐ ಅಥವಾ ನಿದ್ದೆಯ ಬಗ್ಗೆ ಬರೀ ತಿಳಿವಳಿಕೆ. ಮೂರು ವರ್ಷ ಹಿಂಬಾಲಿಸಿದಾಗ ಮೊದಲ ಗುಂಪಿನಲ್ಲಿ 12.2% ಜನರಿಗೆ, ಎರಡನೆಯದರಲ್ಲಿ 25.9% ಜನರಿಗೆ ಖಿನ್ನತೆ ಬಂತು. ನಿದ್ದೆ ಸರಿಹೋದದ್ದು ಉಳಿದುಕೊಂಡವರಲ್ಲಿ ರಕ್ಷಣೆ ಇನ್ನೂ ಹೆಚ್ಚು. ನಿದ್ದೆ ಕೆಡುವುದನ್ನು ಖಿನ್ನತೆಯ ಒಂದು ಲಕ್ಷಣ ಎಂದಷ್ಟೇ ಎಣಿಸಿ, ‘ಖಿನ್ನತೆ ಇಳಿದರೆ ನಿದ್ದೆ ತಾನಾಗಿ ಬರುತ್ತೆ’ ಎಂದು ಕಾಯುವುದನ್ನು ನಾವು ಬಿಡಬೇಕು.

ಆ್ಯಪ್ ಮೂಲಕ ಕೊಡುವ ಸಿಬಿಟಿ-ಐ ಬಗ್ಗೆ ಏನಂತೀರಿ? ಫ್ರೀಮನ್ ತಂಡ 2017ರಲ್ಲಿ ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3755 ವಿದ್ಯಾರ್ಥಿಗಳಲ್ಲಿ ಮಾಡಿದಾಗ ನಿದ್ರಾಹೀನತೆ ಇಳಿಯಿತು, ಜೊತೆಗೆ ಸಂಶಯದ ಯೋಚನೆಗಳೂ ಇಳಿದವು. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಸ್ಲೀಪಿಯೋ ಎಂಬ ಇಂಥ ಆ್ಯಪ್ ಬಳಸಬಹುದು ಎಂದಿತು.

ಶೈಲಜಾ, ನರ್ಸಿಂಗ್ ತರಬೇತಿ

ಯಾರೂ ಸಿಗದ ಕಡೆ ಆ್ಯಪ್ ಖಂಡಿತ ಒಳ್ಳೇದು. ಆದ್ರೆ ಜನ ಕಷ್ಟದ ವಾರದಲ್ಲೇ ಅದನ್ನ ತೆರೆಯೋದು ಬಿಡ್ತಾರೆ. ಎದುರು ಕೂತಿದ್ದಕ್ಕೆ 1.83 ಬಂದಿದ್ದು ನನಗೆ ಆಶ್ಚರ್ಯ ಅನ್ನಿಸ್ಲಿಲ್ಲ. ಆ್ಯಪ್ ಜೊತೆ ವಾರಕ್ಕೊಂದು ಹತ್ತು ನಿಮಿಷದ ಫೋನ್ ಇಟ್ಕೊಂಡ್ರೆ ಚೆನ್ನಾಗಿರುತ್ತೆ. ಬೈಸಿ ತಂಡ 2011ರಲ್ಲಿ ವಯಸ್ಸಾದ 79 ಜನರಿಗೆ ಎರಡು ಭೇಟಿ, ಎರಡು ಫೋನ್‌ನಲ್ಲೇ ಮುಗಿಸಿದ್ರು. 67% ಜನಕ್ಕೆ ಗುಣ ಕಾಣಿಸ್ತು, ಬರೀ ಮಾಹಿತಿ ಕೊಟ್ಟವರಲ್ಲಿ 25%.

ಡಾ. ನಾಗಭೂಷಣ, ಜನರಲ್ ಮೆಡಿಸಿನ್

ಸ್ಲೀಪ್ ಅಪ್ನಿಯಾ ಜೊತೆಗೇ ನಿದ್ರಾಹೀನತೆ ಇರುವವರ ಬಗ್ಗೆ ಒಂದು ಮಾತು ಬಾಕಿ ಇತ್ತು. ಅವರನ್ನು ಪೂರ್ತಿ ಹೊರಗಿಡಬೇಕಿಲ್ಲ. ಸ್ವೀಟ್‌ಮನ್ ತಂಡದ 2019ರ ಟ್ರಯಲ್‌ನಲ್ಲಿ 145 ಜನ. ಸಿಪ್ಯಾಪ್ ಯಂತ್ರ (ಉಸಿರು ನಿಲ್ಲದಂತೆ ಮಾಸ್ಕ್ ಮೂಲಕ ಗಾಳಿ ಒತ್ತುವಂಥದ್ದು) ಹಾಕುವ ಮೊದಲು ಸಿಬಿಟಿ-ಐ ಮಾಡಿಸಿದವರು ಆಮೇಲೆ ಯಂತ್ರವನ್ನು ರಾತ್ರಿಗೆ 61 ನಿಮಿಷ ಹೆಚ್ಚು ಬಳಸಿದರು. ಎಚ್ಚರವಾಗಿ ಬಿದ್ದುಕೊಂಡವರಿಗೆ ಮಾಸ್ಕ್ ಸಹಿಸುವುದು ಕಷ್ಟ. ಮೊದಲ ವಾರಗಳ ಮಂಪರಿನ ಮೇಲೆ ಕಣ್ಣಿಟ್ಟು, ಅವಧಿಯನ್ನು ತೀರಾ ಇಳಿಸದೆ ಮಾಡಬಹುದು.

ಪ್ರಜ್ವಲ್, ಸೈಕಿಯಾಟ್ರಿ ಪಿಜಿ

ಕೊನೆಯ ಪ್ರಶ್ನೆ ಮೇಡಂ. ಹದಿನೈದು ಹದಿನೈದು ನಿಮಿಷ ಸೇರಿಸುತ್ತಾ ಹೋದರೆ ನಿಲ್ಲಿಸುವುದು ಎಲ್ಲಿ? ಎಂಟು ಗಂಟೆ ಮುಟ್ಟುವವರೆಗೆ ಎಂದು ರೋಗಿಗಳು ಎಣಿಸುತ್ತಿರುತ್ತಾರೆ.

ವಸುಂಧರಾ, ಕ್ಲಿನಿಕಲ್ ಸೈಕಾಲಜಿ

ಎಂಟು ಗಂಟೆ ಗುರಿಯೇ ಅಲ್ಲ. ಎರಡರಲ್ಲಿ ಒಂದು ಮೊದಲು ಬಂದಾಗ ನಿಲ್ಲಿಸಿ. ಹಗಲು ಮಂಪರು, ಕಿರಿಕಿರಿ ಇಲ್ಲದೆ ಕೆಲಸ ಸಾಗುತ್ತಿದ್ದರೆ ಅದೇ ಅವರ ಅಳತೆ, ಅದು ಆರೂಕಾಲು ಗಂಟೆಯಾದರೂ ಸರಿ. ಇಲ್ಲವೇ, ಸೇರಿಸಿದ ಹದಿನೈದು ನಿಮಿಷ ನಿದ್ದೆಯಾಗದೆ ಎಚ್ಚರವಾಗಿಯೇ ಉಳಿದು ಎಫಿಶಿಯೆನ್ಸಿ 85ಕ್ಕಿಂತ ಕೆಳಗೆ ಬಿದ್ದರೆ, ಒಂದು ಹೆಜ್ಜೆ ಹಿಂದಕ್ಕೆ ಬಂದು ಅಲ್ಲಿ ಎರಡು ವಾರ ಇರಿ. ಮತ್ತೆ ಒಮ್ಮೆ ಪ್ರಯತ್ನಿಸಿ, ಮತ್ತೂ ಬಿದ್ದರೆ ಅಲ್ಲಿಗೆ ಮುಗಿಯಿತು.

ಕಳಿಸುವ ಮುನ್ನ ಒಂದು ಚೀಟಿಯಲ್ಲಿ ಅವರ ಏಳುವ ಹೊತ್ತು, ಅವರ ಅವಧಿ, ಮತ್ತೆ ಕೆಟ್ಟರೆ ಏನು ಮಾಡಬೇಕು ಎಂದು ಅವರ ಕೈಯಿಂದಲೇ ಬರೆಸಿ. ಒಂದೆರಡು ಕೆಟ್ಟ ರಾತ್ರಿ ಎಲ್ಲರಿಗೂ ಬರುತ್ತೆ, ಅದಕ್ಕೆ ಏನೂ ಮಾಡಬೇಕಿಲ್ಲ. ಏಳುವ ಹೊತ್ತು ಮಾತ್ರ ಬದಲಿಸಬಾರದು, ನಷ್ಟ ತುಂಬಲು ಬೇಗ ಮಲಗಬಾರದು. ಎರಡು ವಾರ ಸತತವಾಗಿ, ವಾರಕ್ಕೆ ಮೂರು ರಾತ್ರಿ ಕೆಟ್ಟರೆ ಒಂದು ವಾರ ಡೈರಿ ಬರೆದು ಅವಧಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು. ಮೂರು ಮತ್ತು ಆರು ತಿಂಗಳಿಗೆ ಐಎಸ್‌ಐ ತುಂಬಿಸಲು ಕರೆಯುವ ದಿನಾಂಕವನ್ನೂ ಅದೇ ಚೀಟಿಯಲ್ಲಿ ಹಾಕಿಬಿಡಿ.